ಉಳಿದ ಅರ್ಧ ಗಂಟೆ ಎಲ್ಲಿ ಹೋಯಿತು?

ಒಂಬತ್ತನೇ ತರಗತಿಯ ‘ಚಲನೆ’ ಪಾಠ ನಮ್ಮಂತಹ ವಿಜ್ಞಾನ ಪ್ರಶಿಕ್ಷಣಾರ್ಥಿಗಳಿಗೆ ಬಹಳ ಅಚ್ಚುಮೆಚ್ಚು. ಸೂತ್ರ ಚಿಕ್ಕದು, ಉದಾಹರಣೆಗಳು ಸಿದ್ಧವಾಗಿರುತ್ತವೆ, ನಲವತ್ತು ನಿಮಿಷದ ಅವಧಿಯೊಳಗೆ ಪೀಠಿಕೆಯಿಂದ ಮೌಲ್ಯಮಾಪನದವರೆಗೆ ಎಲ್ಲವೂ ಮುಗಿಯುತ್ತದೆ. ಹಲಗೆಯ ಮೇಲೆ ಬರೆಯುವ ಲೆಕ್ಕವೂ ಹೆಚ್ಚು ಕಡಿಮೆ ಒಂದೇ: ಒಂದು ರೈಲು ಗಂಟೆಗೆ 60 ಕಿ.ಮೀ. ಜವದಲ್ಲಿ ಚಲಿಸಿದರೆ 240 ಕಿ.ಮೀ. ದೂರ ಕ್ರಮಿಸಲು ಎಷ್ಟು ಕಾಲ ಬೇಕು? ನಾಲ್ಕು ಗಂಟೆ ಎಂದು ಇಡೀ ತರಗತಿ ಕೂಗುತ್ತದೆ. ಹಿಂದಿನ ಬೆಂಚಿನಲ್ಲಿ ಕುಳಿತ ಮೇಲ್ವಿಚಾರಕರು ‘ಉದ್ದೇಶ ಈಡೇರಿದೆ’ ಎಂಬ ಜಾಗದಲ್ಲಿ ಗುರುತು ಹಾಕುತ್ತಾರೆ.

ಈ ರೈಲಿಗೆ ಹೊರಟ ಊರಿಲ್ಲ, ಸೇರುವ ಊರಿಲ್ಲ. ಹೊರಟ ಕ್ಷಣದಿಂದಲೇ ಅದು 60ರಲ್ಲಿ ಓಡುತ್ತದೆ. ನಡುವೆ ಎಲ್ಲೂ ನಿಲ್ಲುವುದಿಲ್ಲ, ಕ್ರಾಸಿಂಗಿಗೆ ಕಾಯುವುದಿಲ್ಲ, ನಿಲ್ದಾಣ ಹತ್ತಿರ ಬಂದಾಗ ಬ್ರೇಕು ಹಾಕುವುದೂ ಇಲ್ಲ. ಇಂತಹ ರೈಲನ್ನು ಯಾವ ಮಗುವೂ ಕಂಡಿಲ್ಲ. ಮಗು ಇಲ್ಲಿ ಮಾಡಿದ್ದು 240ನ್ನು 60ರಿಂದ ಭಾಗಿಸಿದ್ದು ಅಷ್ಟೇ. ಅದು ಐದನೇ ತರಗತಿಯ ಕೆಲಸ. ಚಲನೆಯ ಬಗ್ಗೆ ಅದು ಏನನ್ನೂ ಯೋಚಿಸಲಿಲ್ಲ.

ಈ ಲೇಖನದಲ್ಲಿ ನನ್ನ ವಾದ ಎರಡು. ಒಂದು, ದೂರ–ಜವ–ಕಾಲದ ಪಾಠಕ್ಕೆ ನಮ್ಮ ಸುತ್ತಲಿನ ಎರಡು ನಿಜವಾದ ವಿಮಾನ ನಿಲ್ದಾಣಗಳನ್ನು ತೆಗೆದುಕೊಂಡರೆ, ಲೆಕ್ಕದ ಉತ್ತರವೂ ವೇಳಾಪಟ್ಟಿಯ ಉತ್ತರವೂ ಹೊಂದುವುದಿಲ್ಲ. ಪಾಠ ಇರುವುದು ಆ ಹೊಂದದಿರುವಿಕೆಯಲ್ಲೇ. ಎರಡು, ಇಂತಹ ಪಾಠಕ್ಕೆ ನಮ್ಮ ಬೋಧನಾಭ್ಯಾಸದಲ್ಲಿ ಈಗ ಜಾಗವಿಲ್ಲ. ಆ ಜಾಗವನ್ನು ಮಾಡಿಕೊಡಬೇಕು.

ಯಾಕೆ ಹುಬ್ಬಳ್ಳಿ ಮತ್ತು ಮಂಗಳೂರು

ನಾನು ಬೋಧನಾಭ್ಯಾಸ ಮಾಡಿದ ಸರ್ಕಾರಿ ಪ್ರೌಢಶಾಲೆ ಹುಬ್ಬಳ್ಳಿಗೆ ಹತ್ತಿರದ ಒಂದು ಹಳ್ಳಿಯಲ್ಲಿದೆ. ಗೋಕುಲ ರಸ್ತೆಯ ವಿಮಾನ ನಿಲ್ದಾಣವನ್ನು ಹೊರಗಿನಿಂದ ಬಹಳಷ್ಟು ಮಕ್ಕಳು ನೋಡಿದ್ದಾರೆ. ಒಳಗೆ ಹೋದವರು ಯಾರೂ ಇರಲಿಲ್ಲ. ಮಂಗಳೂರಿನ ಕಡೆಗಾದರೋ ಅನೇಕರು ಹೋಗಿ ಬಂದವರೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವ್ವನ ಜೊತೆ, ಅಜ್ಜಿಯ ಜೊತೆ ಬಸ್ಸಿನಲ್ಲಿ ಧರ್ಮಸ್ಥಳ, ಮುರುಡೇಶ್ವರ ನೋಡಿ ಬಂದವರು ತರಗತಿಯಲ್ಲಿ ಕಡಿಮೆಯೇನಿರಲಿಲ್ಲ. ಆದ್ದರಿಂದ ಈ ದಾರಿ ಅವರಿಗೆ ಬರೀ ಹೆಸರಲ್ಲ. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟದಲ್ಲಿ ವಾಂತಿ ಮಾಡಿಕೊಂಡದ್ದು ಅವರಿಗೆ ಚೆನ್ನಾಗಿ ನೆನಪಿದೆ.

ಈ ಜೋಡಿಯನ್ನು ಆರಿಸಲು ಇನ್ನೊಂದು ಕಾರಣ ಭೂಗೋಳದ್ದು. ಮಂಗಳೂರು ಯಾವ ದಿಕ್ಕಿಗಿದೆ ಎಂದು ಕೇಳಿದರೆ ಮಕ್ಕಳು ಪಶ್ಚಿಮಕ್ಕೆ ಕೈ ತೋರಿಸುತ್ತಾರೆ. ಕರಾವಳಿ ಎಂದರೆ ಪಶ್ಚಿಮ ಎಂದು ಕಲಿತಿದ್ದಾರಲ್ಲ. ಅಟ್ಲಾಸ್ ತೆರೆದು ನೋಡಿದರೆ ಬೇರೆಯೇ ಕಾಣುತ್ತದೆ. ಹುಬ್ಬಳ್ಳಿ ವಿಮಾನ ನಿಲ್ದಾಣ ಇರುವುದು 15.36 ಡಿಗ್ರಿ ಉತ್ತರ ಅಕ್ಷಾಂಶ, 75.08 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಮಂಗಳೂರಿನದು 12.96 ಡಿಗ್ರಿ ಉತ್ತರ, 74.89 ಡಿಗ್ರಿ ಪೂರ್ವ. ಅಂದರೆ ಮಂಗಳೂರು ಹುಬ್ಬಳ್ಳಿಯ ನೇರ ದಕ್ಷಿಣಕ್ಕೆ, ಕೂದಲೆಳೆಯಷ್ಟು ಮಾತ್ರ ಪಶ್ಚಿಮಕ್ಕೆ ಸರಿದು ನಿಂತಿದೆ. ನಮ್ಮ ಕರಾವಳಿ ಓರೆಯಾಗಿ ಇಳಿಯುತ್ತದೆ ಎಂಬುದು ಈ ಎರಡು ಸಂಖ್ಯೆಗಳಿಂದಲೇ ಮಕ್ಕಳಿಗೆ ಗೊತ್ತಾಗುತ್ತದೆ. ಎರಡೂ ಊರುಗಳು ಹೆಚ್ಚು ಕಡಿಮೆ ಒಂದೇ ರೇಖಾಂಶದಲ್ಲಿರುವುದರಿಂದ ದೂರದ ಲೆಕ್ಕವನ್ನು ಪ್ರೌಢಶಾಲೆಯ ಗಣಿತದಲ್ಲೇ ಮಾಡಬಹುದು.

ದೂರ ಎಷ್ಟು ಅಲ್ಲ, ಯಾವ ದೂರ

ಅಕ್ಷಾಂಶಗಳ ವ್ಯತ್ಯಾಸ 2.40 ಡಿಗ್ರಿ. ಭೂಮಿಯ ತ್ರಿಜ್ಯ ಸುಮಾರು 6371 ಕಿ.ಮೀ. ಕಂಸದ ಉದ್ದದ ಸೂತ್ರ ಹತ್ತನೇ ತರಗತಿಯಲ್ಲಿ ಇದ್ದೇ ಇದೆ. 2.40ನ್ನು 360ರಿಂದ ಭಾಗಿಸಿ ಭೂಮಿಯ ಸುತ್ತಳತೆಯಿಂದ, ಅಂದರೆ ಸುಮಾರು 40,000 ಕಿ.ಮೀ.ನಿಂದ, ಗುಣಿಸಿದರೆ 267 ಕಿ.ಮೀ. ಬರುತ್ತದೆ. ಒಂಬತ್ತನೆಯವರಿಗೆ ಸೂತ್ರ ಬೇಡ. 360 ಡಿಗ್ರಿಗೆ 40,000 ಆದರೆ ಒಂದು ಡಿಗ್ರಿಗೆ ಎಷ್ಟು ಎಂಬ ಅನುಪಾತ ಸಾಕು. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ.

ಇನ್ನು ಪೂರ್ವ–ಪಶ್ಚಿಮದ ಅಂತರ. ರೇಖಾಂಶಗಳ ವ್ಯತ್ಯಾಸ 0.19 ಡಿಗ್ರಿ. ಧ್ರುವಗಳ ಕಡೆ ಹೋದಂತೆ ರೇಖಾಂಶಗಳು ಹತ್ತಿರ ಬರುವುದನ್ನು ಗ್ಲೋಬಿನ ಮೇಲೆ ದಾರ ಇಟ್ಟು ತೋರಿಸಬಹುದು. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ ಸುಮಾರು 108 ಕಿ.ಮೀ. ಹಾಗಾಗಿ ಅಡ್ಡ ಅಂತರ ಸುಮಾರು 20 ಕಿ.ಮೀ. ಇಲ್ಲಿ ನಾನು ಮಕ್ಕಳಿಗೆ ಲೆಕ್ಕಕ್ಕೆ ಮೊದಲು ಊಹೆ ಕೇಳಿದೆ: ಒಟ್ಟು ನೇರ ದೂರ ಎಷ್ಟಾಗಬಹುದು? ಹೆಚ್ಚಿನವರು 287 ಎಂದರು. ಪೈಥಾಗೊರಸ್ ಪ್ರಮೇಯ ಹಾಕಿ ನೋಡಿದರೆ ಬಂದದ್ದು 268ರೊಳಗೆ. ಇಪ್ಪತ್ತು ಕಿ.ಮೀ. ಅಡ್ಡ ಸರಿದರೂ ದೂರ ಹೆಚ್ಚಾದದ್ದು ಒಂದು ಕಿ.ಮೀ. ಕೂಡ ಅಲ್ಲ. ಪೈಥಾಗೊರಸ್ ಪ್ರಮೇಯವನ್ನು ಬಾಯಿಪಾಠ ಹೇಳಬಲ್ಲ ಮಕ್ಕಳು ಕರ್ಣ ಎಂದರೆ ಏನೆಂದು ಅಂದು ಮೊದಲ ಬಾರಿ ನಂಬಲಾರದೆ ನೋಡಿದರು.

ಇದೇ ಉತ್ತರವನ್ನು ಇನ್ನೊಂದು ದಾರಿಯಿಂದಲೂ ಪರೀಕ್ಷಿಸಬಹುದು. ವಿಮಾನ ಮತ್ತು ಹಡಗಿನವರು ದೂರವನ್ನು ನಾಟಿಕಲ್ ಮೈಲಿಯಲ್ಲಿ ಅಳೆಯುತ್ತಾರೆ. ಒಂದು ಡಿಗ್ರಿ ಅಕ್ಷಾಂಶವನ್ನು ಅರವತ್ತು ಭಾಗ ಮಾಡಿದರೆ ಒಂದು ಭಾಗ ಸುಮಾರು ಒಂದು ನಾಟಿಕಲ್ ಮೈಲಿ. ಈ ಅಳತೆ ಹುಟ್ಟಿದ್ದೇ ಹಾಗೆ. ಇಂದು ಅದನ್ನು 1.852 ಕಿ.ಮೀ. ಎಂದು ನಿಗದಿ ಮಾಡಲಾಗಿದೆ. 2.40 ಡಿಗ್ರಿ ಎಂದರೆ 144 ಭಾಗ, ಅಂದರೆ 144 ನಾಟಿಕಲ್ ಮೈಲಿ. ಅದನ್ನು 1.852ರಿಂದ ಗುಣಿಸಿದರೆ ಮತ್ತೆ 267 ಕಿ.ಮೀ. ಮಾನಗಳು ಆಕಾಶದಿಂದ ಬಿದ್ದವಲ್ಲ, ಭೂಮಿಯನ್ನು ಅಳೆದು ಮಾಡಿಕೊಂಡವು ಎಂದು ತಿಳಿಸಲು ಇದಕ್ಕಿಂತ ಸರಳ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ರಸ್ತೆಗೆ ಬರೋಣ. ಕಲಘಟಗಿ, ಯಲ್ಲಾಪುರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿ ಎಂದು ಹೋದರೆ ಹುಬ್ಬಳ್ಳಿಯಿಂದ ಮಂಗಳೂರಿಗೆ ಸುಮಾರು 350 ಕಿ.ಮೀ. ಆಗುತ್ತದೆ. ನೇರ ವಿಮಾನ ಇಲ್ಲದ ದಿನ ಬೆಂಗಳೂರಿನ ಮೇಲೆ ಹೋಗಬೇಕು. ಪ್ರಾದೇಶಿಕ ಮಾರ್ಗಗಳ ಪಾಡು ಹಾಗೆಯೇ. ಒಂದು ಋತುವಿನ ವೇಳಾಪಟ್ಟಿಯಲ್ಲಿದ್ದ ವಿಮಾನ ಇನ್ನೊಂದರಲ್ಲಿ ಇರುವುದಿಲ್ಲ. ಹುಬ್ಬಳ್ಳಿಯಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 370 ಕಿ.ಮೀ., ಅಲ್ಲಿಂದ ಮಂಗಳೂರಿಗೆ ಸುಮಾರು 307. ಒಟ್ಟು 677 ಕಿ.ಮೀ., ನೇರ ದೂರದ ಎರಡೂವರೆ ಪಟ್ಟು.

ಹಲಗೆಯ ಮೇಲೆ ಮೂರು ಸಾಲು ಬರೆದೆವು. ನೇರ ವಿಮಾನಕ್ಕೆ 268, ಬಸ್ಸಿಗೆ 350, ಬೆಂಗಳೂರಿನ ಮೇಲೆ ಹೋದರೆ 677. ಸ್ಥಾನಪಲ್ಲಟ ಮೂರಕ್ಕೂ ಒಂದೇ, 268. ‘ಚಲಿಸಿದ ದೂರಕ್ಕೂ ಸ್ಥಾನಪಲ್ಲಟಕ್ಕೂ ಇರುವ ವ್ಯತ್ಯಾಸ’ ಎಂಬ ಪ್ರಶ್ನೆಗೆ ಕೋಷ್ಟಕ ಬರೆಸಿ ಬಾಯಿಪಾಠ ಮಾಡಿಸುವುದು ನಮ್ಮ ರೂಢಿ. ಈ ಮೂರು ಸಾಲುಗಳ ಮುಂದೆ ಆ ಕೋಷ್ಟಕ ಬೇಕಾಗಲಿಲ್ಲ.

ಅರ್ಧ ತಾಸಿನ ಲೆಕ್ಕ

ಪ್ರಾದೇಶಿಕ ಮಾರ್ಗಗಳಲ್ಲಿ ಹೆಚ್ಚಾಗಿ ಕಾಣುವ ವಿಮಾನಗಳಲ್ಲೊಂದು ಎಟಿಆರ್ 72. ಎಪ್ಪತ್ತರ ಮೇಲೆ ಕೆಲವು ಆಸನಗಳು, ರೆಕ್ಕೆಗೊಂದರಂತೆ ಎರಡು ಪಂಖ. ಎತ್ತರಕ್ಕೇರಿ ಸಮವಾಗಿ ಹಾರುವಾಗ ಅದರ ಜವ ಗಂಟೆಗೆ ಸುಮಾರು 510 ಕಿ.ಮೀ. ಸೂತ್ರ ಹಾಕಿದರೆ 268 ಭಾಗಿಸು 510, ಅಂದರೆ ಸುಮಾರು 32 ನಿಮಿಷ. ಆದರೆ ಇಷ್ಟು ದೂರದ ಎಟಿಆರ್ ಹಾರಾಟಕ್ಕೆ ವೇಳಾಪಟ್ಟಿಯಲ್ಲಿ ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸು ಇಟ್ಟಿರುತ್ತಾರೆ. ಎರಡೂ ಸಂಖ್ಯೆಗಳನ್ನು ಅಕ್ಕಪಕ್ಕ ಬರೆದು ನಾನು ಸುಮ್ಮನೆ ನಿಂತೆ.

“ಮೇಡಂ, ಲೆಕ್ಕದಾಗ ಅರ್ಧಾ ತಾಸು ಬಂತು, ಇಲ್ಲಿ ಒಂದು ತಾಸು ಅಂತೈತಿ. ಉಳಿದ ಅರ್ಧಾ ತಾಸು ಎಲ್ಲಿ ಹೋತ್ರಿ?” ಎಂದು ಒಬ್ಬ ಹುಡುಗ ಕೇಳಿದ.

ಉತ್ತರ ಕೊಟ್ಟದ್ದು ನಾನಲ್ಲ, ಮೂರನೇ ಸಾಲಿನ ಹುಡುಗಿ. “ಬಸ್ಸಿನ್ಯಾಗೂ ಹಂಗ ಆಗತೈತ್ರಿ. ಸ್ಟ್ಯಾಂಡಿನ್ಯಾಗ ನಿಂತಿರತೈತಿ, ಆಮ್ಯಾಲ ಗಾಡಿ ಹಿಂದ ತಗೋತಾರ, ಊರು ದಾಟೂತನಾ ಸಾವಕಾಶ ಹೊಕ್ಕೈತಿ.”

ಆ ಮಗು ವಿಮಾನ ಹತ್ತಿಲ್ಲ. ಆದರೆ ಹೇಳಿದ್ದು ಸರಿಯಾಗಿಯೇ ಇದೆ. ಟಿಕೆಟ್ಟಿನ ಮೇಲೆ ಬರೆದ ಹೊರಡುವ ಸಮಯ ವಿಮಾನ ನೆಲ ಬಿಡುವ ಸಮಯವಲ್ಲ. ನಿಂತ ಜಾಗದಿಂದ ಕದಲುವ ಸಮಯ. ಸೇರುವ ಸಮಯ ಎಂದರೂ ಚಕ್ರ ನೆಲ ಮುಟ್ಟುವ ಸಮಯವಲ್ಲ. ಅಲ್ಲಿನ ನಿಲುಗಡೆಗೆ ಬಂದು ನಿಲ್ಲುವ ಸಮಯ. ಈ ಎರಡರ ನಡುವೆ ರನ್‌ವೇವರೆಗಿನ ಓಟ, ಸರದಿಗೆ ಕಾಯುವುದು, ಏರುವುದು, ಹಾರುವುದು, ಇಳಿಯುವುದು, ಮತ್ತೆ ನೆಲದ ಮೇಲಿನ ಓಟ ಎಲ್ಲವೂ ಸೇರಿವೆ. 510 ಎಂಬುದು ಇವುಗಳಲ್ಲಿ ಒಂದು ತುಂಡಿಗೆ ಮಾತ್ರ ಅನ್ವಯಿಸುವ ಸಂಖ್ಯೆ.

ಇಲ್ಲಿಂದ ವೇಗ–ಕಾಲ ನಕ್ಷೆಗೆ ಹೋಗುವುದು ಸಹಜ. ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ನಾವೇ ಹಿಡಿದುಕೊಂಡೆವು. ಏರುವ 12 ನಿಮಿಷ ಸರಾಸರಿ ಗಂಟೆಗೆ 320 ಕಿ.ಮೀ.; ಅದರಲ್ಲಿ ಕ್ರಮಿಸಿದ್ದು 64 ಕಿ.ಮೀ. ಇಳಿಯುವ 15 ನಿಮಿಷ ಸರಾಸರಿ 380. ಅದರಲ್ಲಿ 95 ಕಿ.ಮೀ. ಉಳಿದ 109 ಕಿ.ಮೀ.ಗೆ ಮಾತ್ರ 510ರ ಜವ. ಅದಕ್ಕೆ ಸುಮಾರು 13 ನಿಮಿಷ. ಒಟ್ಟು 40 ನಿಮಿಷ ಗಾಳಿಯಲ್ಲಿ. ನಕ್ಷೆಯಲ್ಲಿ ಏರುಗೆರೆ, ಮಟ್ಟಸ ಗೆರೆ, ಇಳಿಗೆರೆ. ಅದರ ಕೆಳಗಿನ ವಿಸ್ತೀರ್ಣವೇ ದೂರ ಎಂಬ ಪಠ್ಯದ ವಾಕ್ಯಕ್ಕೆ ಈಗ ಒಂದು ವಿಮಾನ ಜೊತೆಗೂಡಿತು. ಪೂರ್ಣ ಜವದಲ್ಲಿ ಹಾರಿದ್ದು ಒಟ್ಟು ದೂರದ ಅರ್ಧಕ್ಕಿಂತ ಕಡಿಮೆ ಎಂಬುದನ್ನು ಮಕ್ಕಳು ತಾವೇ ಗುರುತಿಸಿದರು.

ಇನ್ನು ಇಪ್ಪತ್ತು ನಿಮಿಷ ಉಳಿಯಿತು. ಅದರಲ್ಲಿ ಒಂದು ಪಾಲು ತಿರುವುಗಳಿಗೆ. ಪ್ರತಿ ರನ್‌ವೇಯ ತುದಿಯಲ್ಲಿ ಒಂದು ಸಂಖ್ಯೆ ಬರೆದಿರುತ್ತಾರೆ. ಅದನ್ನು ಹತ್ತರಿಂದ ಗುಣಿಸಿದರೆ ದಿಕ್ಸೂಚಿಯ ಡಿಗ್ರಿಯಲ್ಲಿ ಅದರ ದಿಕ್ಕು ಸಿಗುತ್ತದೆ. ಹುಬ್ಬಳ್ಳಿಯಲ್ಲಿ ಅದು 08 ಮತ್ತು 26. ಮಂಗಳೂರಿನಲ್ಲಿ, ಗುಡ್ಡದ ನೆತ್ತಿಯನ್ನು ಸಮ ಮಾಡಿ ಕಟ್ಟಿದ ರನ್‌ವೇಯಲ್ಲಿ, 06 ಮತ್ತು 24. ಅಂದರೆ ಎರಡೂ ಹೆಚ್ಚು ಕಡಿಮೆ ಪೂರ್ವ–ಪಶ್ಚಿಮವಾಗಿ ಮಲಗಿವೆ. ಹೋಗಬೇಕಾದದ್ದು ದಕ್ಷಿಣಕ್ಕೆ. ಹಾಗಾಗಿ ಏರಿದ ಮೇಲೆ ಒಮ್ಮೆ, ಇಳಿಯುವ ಮೊದಲು ಇನ್ನೊಮ್ಮೆ ವಿಮಾನ ದೊಡ್ಡದಾಗಿ ತಿರುಗಲೇಬೇಕು. ನಾವು ಎಳೆದ 268 ಕಿ.ಮೀ. ನೇರ ಗೆರೆಯ ಮೇಲೆ ಯಾವ ವಿಮಾನವೂ ಪೂರ್ತಿಯಾಗಿ ಹಾರುವುದಿಲ್ಲ. ಉಳಿದ ಪಾಲು ನೆಲದ ಮೇಲಿನ ಓಟಕ್ಕೆ, ಮತ್ತು ವೇಳೆ ತಪ್ಪದಿರಲಿ ಎಂದು ವಿಮಾನ ಕಂಪನಿಗಳು ಮೊದಲೇ ಇಟ್ಟುಕೊಳ್ಳುವ ಒಂದಿಷ್ಟು ಬಿಡುವಿಗೆ.

ಗಾಳಿಯ ಪಾತ್ರವನ್ನು ಎರಡನೇ ಅವಧಿಗೆ ಇಟ್ಟುಕೊಂಡಿದ್ದೆ. ಎದುರುಗಾಳಿ ಗಂಟೆಗೆ 60 ಕಿ.ಮೀ. ಎಂದುಕೊಂಡರೆ ನೆಲಕ್ಕೆ ಹೋಲಿಸಿದ ಜವ 450, ಹಿಂಗಾಳಿಯಾದರೆ 570. ಹೋಗುವಾಗ ಎದುರುಗಾಳಿ, ಬರುವಾಗ ಅದೇ ಹಿಂಗಾಳಿ, ಎರಡೂ ಸರಿಹೋಗುತ್ತವಲ್ಲವೇ ಎಂದರೆ ತರಗತಿ ಹೌದು ಎಂದಿತು. ಲೆಕ್ಕ ಹಾಕಿದಾಗ ಹೋಗಲು 35.7 ನಿಮಿಷ, ಬರಲು 28.2 ನಿಮಿಷ, ಒಟ್ಟು 63.9. ಗಾಳಿಯೇ ಇಲ್ಲದಿದ್ದರೆ 63.1. ವ್ಯತ್ಯಾಸ ಒಂದು ನಿಮಿಷವೂ ಇಲ್ಲ, ಆದರೆ ಸೊನ್ನೆಯಲ್ಲ. ಎರಡು ಜವಗಳನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಸರಾಸರಿ ಜವ ಯಾಕೆ ಬರುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ: ಕಡಿಮೆ ಜವದಲ್ಲಿ ಹೆಚ್ಚು ಹೊತ್ತು ಇರಬೇಕಾಗುತ್ತದೆ.

ಮನೆಯಿಂದ ಲೆಕ್ಕ ಹಾಕಿದರೆ

ಪಾಠದ ಕೊನೆಯ ಭಾಗ ನನ್ನ ಪ್ರಕಾರ ಬಹಳ ಮುಖ್ಯವಾದದ್ದು. ಪ್ರಯಾಣದ ಕಾಲವನ್ನು ನಿಲ್ದಾಣದಿಂದ ನಿಲ್ದಾಣಕ್ಕಲ್ಲ, ಮನೆಯಿಂದ ಮಂಗಳೂರು ಪೇಟೆಗೆ ಲೆಕ್ಕ ಹಾಕಲು ಗುಂಪುಗಳಿಗೆ ಹೇಳಿದೆ. ಹಳ್ಳಿಯಿಂದ ಬಸ್ಸು ಹಿಡಿದು ಗೋಕುಲ ರಸ್ತೆಗೆ ಒಂದು ಗಂಟೆ. ನಿಲ್ದಾಣದಲ್ಲಿ ಎರಡು ಗಂಟೆ ಮೊದಲೇ ಇರಬೇಕು. ವಿಮಾನ ಒಂದು ಗಂಟೆ. ಸಾಮಾನು ತೆಗೆದುಕೊಂಡು ಹೊರಬಂದು ಬಜಪೆಯ ಗುಡ್ಡ ಇಳಿದು ಪೇಟೆ ಸೇರಲು ಮತ್ತೊಂದು ಗಂಟೆ. ಒಟ್ಟು ಐದು ಗಂಟೆ. 268ನ್ನು 5ರಿಂದ ಭಾಗಿಸಿದರೆ ಗಂಟೆಗೆ 54 ಕಿ.ಮೀ. ಹತ್ತೂವರೆಗೆ 510 ಎಂದು ಆರಂಭವಾದ ಸಂಖ್ಯೆ ಹನ್ನೊಂದು ಗಂಟೆಗೆ 54ಕ್ಕೆ ಇಳಿದಿತ್ತು.

ಬಸ್ಸಿಗೆ ಎಂಟು ಗಂಟೆ ಎಂದುಕೊಂಡರೆ 350 ಕಿ.ಮೀ.ಗೆ ಗಂಟೆಗೆ ಸುಮಾರು 44. ವಿಮಾನದ ಜವ ಬಸ್ಸಿನ ಹತ್ತು ಪಟ್ಟಿಗಿಂತ ಹೆಚ್ಚು. ಪ್ರಯಾಣದಲ್ಲಿ ಉಳಿದದ್ದು ಮೂರು ಗಂಟೆ. ಹೆಚ್ಚು ಜವದ ಜೆಟ್ ವಿಮಾನ ಹಾಕಿದರೆ ಎಂದು ಒಂದು ಗುಂಪು ಕೇಳಿತು. ಗಂಟೆಗೆ 800 ಎಂದು ಹಿಡಿದರೂ ಕಾಗದದ ಮೇಲೆ ಉಳಿಯುವುದು 12 ನಿಮಿಷ. ಇಷ್ಟು ಚಿಕ್ಕ ದೂರದಲ್ಲಿ ಆ ಜವಕ್ಕೆ ಏರಿ ಇಳಿಯುವಷ್ಟರಲ್ಲಿ ಊರೇ ಬಂದಿರುತ್ತದೆ. ದೂರ ಕಡಿಮೆಯಾದಷ್ಟೂ ಜವದ ಬೆಲೆ ಕಡಿಮೆ, ಕಾಯುವ ಕಾಲದ ಬೆಲೆ ಹೆಚ್ಚು. ಪ್ರಾದೇಶಿಕ ಮಾರ್ಗಗಳಿಗೆ ಚಿಕ್ಕ ವಿಮಾನಗಳು ಯಾಕೆ ಹೊಂದುತ್ತವೆ ಎಂಬುದಕ್ಕೆ ಇದೂ ಒಂದು ಕಾರಣ.

ಇದು ಬರೀ ವಿಜ್ಞಾನದ ಮಾತಲ್ಲ. ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್‌ನಲ್ಲಿ ಶಿಮ್ಲಾ–ದೆಹಲಿ ನಡುವೆ ಹಾರಿದಾಗ, ಸುಮಾರು 500 ಕಿ.ಮೀ.ಗಳ ಒಂದು ಗಂಟೆಯ ಹಾರಾಟಕ್ಕೆ ಕೆಲವು ಆಸನಗಳ ದರ 2500 ರೂಪಾಯಿ ಮೀರಬಾರದು ಎಂಬುದು ಅದರ ಮುಖ್ಯ ಮಾತಾಗಿತ್ತು. ‘500 ಕಿ.ಮೀ., ಒಂದು ಗಂಟೆ’ ಎಂಬ ಆ ಜೋಡಿಯಲ್ಲಿ ಒಂದು ಜವ ಅಡಗಿದೆ. ಅದು ಮೇಲೆ ಹಾರುವಾಗಿನ ಜವಕ್ಕೆ ಸಮೀಪದ್ದು, ಮನೆಯಿಂದ ಮನೆಗಿನದಲ್ಲ. ತಮ್ಮ ಊರಿಗೆ ವಿಮಾನ ನಿಲ್ದಾಣ ಬೇಕೋ, ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಬೇಕೋ, ಇರುವ ಬಸ್ಸೇ ವೇಳೆಗೆ ಸರಿಯಾಗಿ ಬರಬೇಕೋ ಎಂದು ನಾಳೆ ಈ ಮಕ್ಕಳೇ ಮಾತಾಡಬೇಕು. ಆಗ ಯಾವ ಸಂಖ್ಯೆ ಯಾವುದನ್ನು ಅಳೆಯುತ್ತದೆ ಎಂದು ಕೇಳುವ ಅಭ್ಯಾಸ ಅವರಿಗೆ ಇರಬೇಕು.

ಕೇಳಿಬಂದ ಆಕ್ಷೇಪಗಳು

ಈ ಪಾಠಯೋಜನೆಯನ್ನು ಸಹಪಾಠಿಗಳ ಮುಂದೆ ಇಟ್ಟಾಗ ಮೂರು ಆಕ್ಷೇಪಗಳು ಬಂದವು. ಮೂರರಲ್ಲೂ ಹುರುಳಿದೆ.

ಮೊದಲನೆಯದು, ವಿಮಾನ ಹತ್ತದ ಮಕ್ಕಳಿಗೆ ವಿಮಾನದ ಉದಾಹರಣೆ ಯಾಕೆ ಎಂಬುದು. ತಿಳಿದದ್ದರಿಂದ ತಿಳಿಯದ್ದಕ್ಕೆ ಹೋಗಬೇಕು ಎಂಬುದು ನಾವೆಲ್ಲ ಪರೀಕ್ಷೆಯಲ್ಲಿ ಬರೆಯುವ ಸೂತ್ರ. ಆದರೆ ಇಲ್ಲಿ ತಿಳಿದದ್ದು ಬಸ್ಸು. ಅದರ ಮೇಲೆಯೇ ಪಾಠ ನಿಂತಿದೆ. ಮೂರನೇ ಸಾಲಿನ ಹುಡುಗಿ ವಿಮಾನವನ್ನು ಅರ್ಥ ಮಾಡಿಕೊಂಡದ್ದು ಬಸ್ ಸ್ಟ್ಯಾಂಡಿನ ಮೂಲಕ. ವಿಮಾನ ನಮ್ಮದಲ್ಲ ಎಂದು ಹಳ್ಳಿಯ ಮಕ್ಕಳಿಗೆ ನಾವೇ ಮೊದಲು ಹೇಳಿಕೊಡುವುದು ಬೇಡ. ಹಾಗೆಂದು ಇದೊಂದೇ ಉದಾಹರಣೆ ಎಂದೂ ಅಲ್ಲ. ಬೀದರ್ ಕಡೆಯವರು ಬೀದರ್–ಕಲಬುರಗಿ ರೈಲನ್ನು, ಕರಾವಳಿಯವರು ಮೀನುಗಾರಿಕೆ ದೋಣಿಯನ್ನು ತೆಗೆದುಕೊಳ್ಳಲಿ. ನಿಜವಾದ ಊರು, ನಿಜವಾದ ವೇಳಾಪಟ್ಟಿ ಇರಬೇಕು ಅಷ್ಟೇ.

ಎರಡನೆಯದು, ಮೊಬೈಲಿನಲ್ಲಿ ಎರಡು ಊರಿನ ಹೆಸರು ಹಾಕಿದರೆ ದೂರವೂ ಕಾಲವೂ ಬರುತ್ತವೆ, ಇಷ್ಟೆಲ್ಲ ಯಾಕೆ ಎಂಬುದು. ಬರುತ್ತವೆ ನಿಜ. ಆದರೆ ಒಂದು ಕಡೆ ಒಂದು ಕಾಲ, ಇನ್ನೊಂದು ಕಡೆ ಇನ್ನೊಂದು. ಹಲವು ಲೆಕ್ಕಯಂತ್ರಗಳು ದೊಡ್ಡ ಜೆಟ್ ವಿಮಾನದ ಒಂದು ಸರಾಸರಿ ಜವವನ್ನು ಮೊದಲೇ ಹಿಡಿದು ದೂರವನ್ನು ಭಾಗಿಸುತ್ತವೆ, ಅಂದರೆ ನಮ್ಮ ಹೆಸರಿಲ್ಲದ ರೈಲಿನ ಲೆಕ್ಕವನ್ನೇ ಮಾಡುತ್ತವೆ. ಮೊಬೈಲ್ ಉತ್ತರ ಕೊಡುವ ಕಾಲದಲ್ಲಿ ಆ ಉತ್ತರ ಯಾವ ಊಹೆಯ ಮೇಲೆ ನಿಂತಿದೆ ಎಂದು ಕೇಳುವುದೇ ತರಗತಿಯ ಕೆಲಸವಾಗಬೇಕು.

ಮೂರನೆಯದು, ಪರೀಕ್ಷೆಯಲ್ಲಿ ಇದು ಬರುವುದಿಲ್ಲ, ಹಿಂದುಳಿದ ಮಕ್ಕಳಿಗೆ ಗೊಂದಲವಾಗುತ್ತದೆ ಎಂಬುದು. ಸ್ಥಾನಪಲ್ಲಟ, ಸರಾಸರಿ ಜವ, ವೇಗ–ಕಾಲ ನಕ್ಷೆ ಎಲ್ಲವೂ ಪಠ್ಯದೊಳಗಿನವೇ. ಹೊರಗಿನಿಂದ ತಂದದ್ದು ಎರಡು ಊರುಗಳನ್ನು ಮಾತ್ರ. ಗೊಂದಲದ ಮಾತಿಗೆ ಬಂದರೆ, ಸಂಖ್ಯೆಗಳಲ್ಲಿ ಚುರುಕಲ್ಲದ ಮಕ್ಕಳೇ ಅಂದು ಹೆಚ್ಚು ಮಾತಾಡಿದರು. ಪ್ರಯಾಣದಲ್ಲಿ ಹೊತ್ತು ಎಲ್ಲಿ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಒಂದು ಎಚ್ಚರಿಕೆ ಬೇಕು: ಸರಳ ಲೆಕ್ಕವನ್ನು ಮೊದಲು ಮಾಡಿಸಿ, ಅದು ಎಲ್ಲರಿಗೂ ಬಂದ ಮೇಲೆಯೇ ವೇಳಾಪಟ್ಟಿ ತೋರಿಸಬೇಕು. ಮುರಿಯುವುದಕ್ಕೆ ಮೊದಲು ಸೂತ್ರ ಕೈಯಲ್ಲಿರಬೇಕು.

ನಮೂನೆಯಲ್ಲಿ ಇಲ್ಲದ ಅಂಕಣ

ಈ ಪಾಠಕ್ಕೆ ನನಗೆ ಎರಡು ಅವಧಿ ಬೇಕಾಯಿತು. ಮೊದಲ ಅವಧಿ ಮುಗಿದಾಗ ಹಲಗೆಯ ಮೇಲೆ 32 ಮತ್ತು 60 ಎರಡೂ ಉಳಿದಿದ್ದವು, ನಡುವೆ ಪ್ರಶ್ನಾರ್ಥಕ ಚಿಹ್ನೆ. ಮೇಲ್ವಿಚಾರಕರು ಪುಸ್ತಕದಲ್ಲಿ ‘ವಿಷಯ ಆಯ್ಕೆ ಚೆನ್ನಾಗಿದೆ, ಅವಧಿಯೊಳಗೆ ಮುಕ್ತಾಯ ಆಗಿಲ್ಲ’ ಎಂದು ಬರೆದರು. ಅವರನ್ನು ದೂರುವುದು ಸರಿಯಲ್ಲ. ವೀಕ್ಷಣಾ ನಮೂನೆಯಲ್ಲಿ ಪೀಠಿಕೆ, ವಿಷಯ ನಿರೂಪಣೆ, ಕಪ್ಪುಹಲಗೆ ಬಳಕೆ, ಬೋಧನೋಪಕರಣ, ಮೌಲ್ಯಮಾಪನ, ಮುಕ್ತಾಯ ಎಂದು ಅಂಕಣಗಳಿವೆ. ಶಿಕ್ಷಕಿ ಕೇಳಿದ ಪ್ರಶ್ನೆಗಳ ಗುಣಮಟ್ಟಕ್ಕೂ ಒಂದು ಅಂಕಣ ಇದೆ. ಮಕ್ಕಳು ಕೇಳಿದ ಪ್ರಶ್ನೆಗಳಿಗೆ ಮಾತ್ರ ಇಲ್ಲ. “ಉಳಿದ ಅರ್ಧಾ ತಾಸು ಎಲ್ಲಿ ಹೋತ್ರಿ” ಎಂಬ ಮಾತನ್ನು ಬರೆದುಕೊಳ್ಳಲು ಆ ಕಾಗದದಲ್ಲಿ ಎಲ್ಲೂ ಜಾಗವಿರಲಿಲ್ಲ.

ಇದರ ಪರಿಣಾಮ ಅಂಕಗಳಿಗಿಂತ ದೊಡ್ಡದು. ನಾವು ಪ್ರಶಿಕ್ಷಣಾರ್ಥಿಗಳು ಬಹಳ ಬೇಗ ಕಲಿಯುತ್ತೇವೆ. ಮುಗಿಯುವ ಪಾಠಕ್ಕೆ ಅಂಕ ಬರುತ್ತದೆ ಎಂದು ಗೊತ್ತಾದರೆ ಮುಗಿಯುವ ಪಾಠವನ್ನೇ ಆರಿಸುತ್ತೇವೆ. ಹೊಂದುವ ಸಂಖ್ಯೆಗಳನ್ನೇ ಹುಡುಕುತ್ತೇವೆ. 240 ಮತ್ತು 60 ಬರೆಯುತ್ತೇವೆ. ಎರಡು ವರ್ಷದಲ್ಲಿ ರೂಢಿಯಾದದ್ದು ಮುಂದಿನ ಮೂವತ್ತು ವರ್ಷ ಕೈಬಿಡುವುದಿಲ್ಲ. ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದನ್ನು ನಾವು ಪ್ರಬಂಧಗಳಲ್ಲಿ ಬರೆಯುತ್ತೇವೆ. ಆ ಬದುಕಿನಲ್ಲಿ ಲೆಕ್ಕ ಒಂದೇ ಸಲಕ್ಕೆ ಹೊಂದುವುದಿಲ್ಲ ಎಂಬುದನ್ನು ಪಾಠಯೋಜನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ.

ನಮ್ಮ ಉಪನ್ಯಾಸಕರ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ. ಯಾವುದಕ್ಕೂ ಹೆಚ್ಚಿನ ಖರ್ಚಿಲ್ಲ.

ಒಂದು, ಪ್ರತಿ ಪ್ರಶಿಕ್ಷಣಾರ್ಥಿಯ ಬೋಧನಾಭ್ಯಾಸದಲ್ಲಿ ಕನಿಷ್ಠ ಒಂದು ಪಾಠ ಎರಡು ಸತತ ಅವಧಿಗಳದ್ದಾಗಿರಲಿ. ಮೊದಲ ಅವಧಿ ಪ್ರಶ್ನೆಯೊಂದಿಗೆ ಮುಗಿಯಲು ಅನುಮತಿ ಇರಲಿ, ಮತ್ತು ಎರಡನ್ನೂ ಸೇರಿಸಿ ಒಂದೇ ಪಾಠವೆಂದು ಅಳೆಯಲಿ.

ಎರಡು, ವೀಕ್ಷಣಾ ನಮೂನೆಯಲ್ಲಿ ‘ಮಕ್ಕಳು ಕೇಳಿದ ಪ್ರಶ್ನೆಗಳು’ ಎಂಬ ಒಂದು ಅಂಕಣ ಸೇರಲಿ. ಅಂಕ ಬೇಡ, ಕೇಳಿದ ಪ್ರಶ್ನೆಯನ್ನು ಮಕ್ಕಳ ಮಾತಿನಲ್ಲೇ ಬರೆದಿಡುವ ಎರಡು ಸಾಲಿನ ಜಾಗ ಸಾಕು. ಪಾಠದ ನಂತರದ ಚರ್ಚೆಯನ್ನು ಅಲ್ಲಿಂದಲೇ ಶುರು ಮಾಡಬಹುದು.

ಮೂರು, ಗಣಿತ ಮತ್ತು ಭೌತವಿಜ್ಞಾನ ಎರಡನ್ನೂ ಬೋಧನಾ ವಿಷಯವಾಗಿ ತೆಗೆದುಕೊಂಡ ನಮ್ಮಂತಹವರು ಎರಡಕ್ಕೂ ಬೇರೆ ಬೇರೆ ಪಾಠಯೋಜನೆ ಬರೆಯುತ್ತೇವೆ. ಒಂದಾದರೂ ಜಂಟಿ ಯೋಜನೆ ಇರಲಿ. ಅನುಪಾತ, ಕಂಸದ ಉದ್ದ, ಪೈಥಾಗೊರಸ್, ಸರಾಸರಿ ಜವ, ನಕ್ಷೆ ಇವೆಲ್ಲ ಹುಬ್ಬಳ್ಳಿ–ಮಂಗಳೂರಿನ ನಡುವೆ ಒಂದೇ ಪಾಠದಲ್ಲಿ ಬಂದವು. ಅವನ್ನು ಎರಡು ಪುಸ್ತಕಗಳಿಗೆ ಹಂಚಿದ್ದು ನಾವು.

ಮುಂದಿನ ತಂಡದವರು ಅಭ್ಯಾಸಕ್ಕೆ ಹೋಗುವ ಮೊದಲು ನಮೂನೆ ಹೊಸದಾಗಿ ಅಚ್ಚಾಗುತ್ತದೆ. ಆ ಎರಡು ಸಾಲಿನ ಜಾಗವನ್ನು ಈ ಸಲವೇ ಸೇರಿಸಲಿ ಎಂಬುದು ನನ್ನ ವಿನಂತಿ.